ಇಂಟರ್ನ್‌ಶಿಪ್ ಅಂದರೆ ಸ್ಟಿಕ್ಕರ್ ಅಂಟಿಸೋದಾ?

ಮಾನ್ಯ ಸಂಪಾದಕರೇ,

"ಆಂಟಿ, ಪೊಟ್ಯಾಶಿಯಂ 9 ಬಂದ್ರೆ ಪೇಶೆಂಟ್ ಎದ್ದು ಓಡಾಡ್ತಾರಾ?"

ನಮ್ಮ ಮನೆಯ ಮಹಡಿ ರೂಮಿನಲ್ಲಿ ಬಾಡಿಗೆಗಿರುವ ಹುಡುಗಿ ಒಂದು ಸಂಜೆ ಬಾಗಿಲಲ್ಲೇ ನಿಂತು ಹೀಗೆ ಕೇಳಿದಳು. ಬೇಲೂರು ಕಡೆಯವಳು. ಬಿ.ಎಸ್‌ಸಿ. ಎಂ.ಎಲ್.ಟಿ., ಅಂದರೆ ಲ್ಯಾಬ್ ಟೆಕ್ನಾಲಜಿ ಡಿಗ್ರಿ ಮುಗಿಯುವ ಹಂತ, ಈಗ ಇಂಟರ್ನ್‌ಶಿಪ್ ನಡೀತಿದೆ. ನಾನು ಹಾಸನ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 33 ವರ್ಷ ಲ್ಯಾಬ್ ಟೆಕ್ನಿಷಿಯನ್ ಆಗಿದ್ದು ರಿಟೈರ್ ಆದವಳು. ಹಾಗಾಗಿ ಉತ್ತರ ಹೇಳುವ ಬದಲು "ಕ್ಯಾಲ್ಸಿಯಂ ಎಷ್ಟು ಬಂತು?" ಅಂದೆ. "2 ಆಂಟಿ" ಅಂದಳು. "ಕೆಂಪು ಮುಚ್ಚಳದ ಟ್ಯೂಬಿಗೆ ನೇರಳೆ ಮುಚ್ಚಳದ್ದು ಸುರಿದ್ಯೇನೇ?" ಅಂದೆ. ಹುಡುಗಿಯ ಕಣ್ಣಲ್ಲಿ ನೀರು.

ಆಗಿದ್ದಿಷ್ಟು. ಒಬ್ಬ ಅಜ್ಜನಿಗೆ ನರ ಸಿಗಲಿಲ್ಲ. ಕೆಂಪು ಟ್ಯೂಬಿಗೆ ರಕ್ತ ಸಾಲಲಿಲ್ಲ. ನೇರಳೆ ಟ್ಯೂಬಿನಲ್ಲಿ ಸ್ವಲ್ಪ ಜಾಸ್ತಿ ಇತ್ತು. ಮತ್ತೆ ಯಾಕೆ ಮುದುಕರಿಗೆ ಚುಚ್ಚೋದು ಅಂತ ಅದರಿಂದ ಇದಕ್ಕೆ ಸುರಿದಳು. ನೇರಳೆ ಟ್ಯೂಬಿನ ಒಳಗೆ ಪೊಟ್ಯಾಶಿಯಂ ಇರುವ ಇ.ಡಿ.ಟಿ.ಎ. ಲೇಪ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಒಂಚೂರು ಈ ಕಡೆ ಬಂದರೂ ಸಾಕು, ಪೊಟ್ಯಾಶಿಯಂ ಆಕಾಶಕ್ಕೆ, ಕ್ಯಾಲ್ಸಿಯಂ ಪಾತಾಳಕ್ಕೆ. ಆರೋಗ್ಯವಂತರಲ್ಲಿ ಪೊಟ್ಯಾಶಿಯಂ ಮೂರೂವರೆಯಿಂದ ಐದರ ಒಳಗಿರುತ್ತದೆ. 9 ಅಂದರೆ ಹೃದಯ ನಿಲ್ಲುವ ಲೆಕ್ಕ. ಅಜ್ಜ ಮಾತ್ರ ಹೊರಗೆ ಬೆಂಚಿನ ಮೇಲೆ ಕೂತು ಬನ್ ತಿನ್ನುತ್ತಿದ್ದರಂತೆ.

ರಿಪೋರ್ಟ್ ಹೊರಗೆ ಹೋಗುವ ಮೊದಲೇ ಅಲ್ಲಿನ ಸೀನಿಯರ್ ನೋಡಿದರು, ಬೇರೆ ರಕ್ತ ತೆಗೆಸಿದರು, ಪುಣ್ಯ. ಹುಡುಗಿಗೆ ಎಲ್ಲರ ಎದುರು ಚೆನ್ನಾಗಿ ಬೈದರು. ಯಾಕೆ ಹಾಗಾಯಿತು ಅಂತ ಮಾತ್ರ ಹೇಳಲಿಲ್ಲ. ಅದನ್ನು ಕೇಳೋಕೆ ಅವಳು ನನ್ನ ಬಾಗಿಲಿಗೆ ಬರಬೇಕಾಯಿತು. ತಮಾಷೆ ಏನು ಗೊತ್ತಾ? ಇ.ಡಿ.ಟಿ.ಎ. ಹೇಗೆ ಕೆಲಸ ಮಾಡುತ್ತದೆ ಅಂತ ಪರೀಕ್ಷೆಯಲ್ಲಿ ಒಂದು ಪುಟ ಬರೆದು ಒಳ್ಳೆ ಮಾರ್ಕ್ಸ್ ತೆಗೆದಿದ್ದಾಳೆ. ತಲೆಗೆ ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ. ಹಾಗೆ ಇಳಿಸೋಕೇ ಅಲ್ವಾ ಇಂಟರ್ನ್‌ಶಿಪ್ ಇರುವುದು?

ಅವಳ ದಿನಚರಿ ಕೇಳಿ. ಬೆಳಗ್ಗೆ ಎಂಟಕ್ಕೆ ಕಲೆಕ್ಷನ್ ರೂಮ್. ಹನ್ನೊಂದೂವರೆವರೆಗೆ ಒಬ್ಬರಾದ ಮೇಲೆ ಒಬ್ಬರಿಗೆ ಸೂಜಿ. ಆಮೇಲೆ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸೋದು, ವಾರ್ಡಿನಿಂದ ಸ್ಯಾಂಪಲ್ ತರೋದು, ಮಧ್ಯಾಹ್ನ ರಿಪೋರ್ಟ್ ಜೋಡಿಸಿ ಹಂಚೋದು. ನಾಲ್ಕು ತಿಂಗಳಾಯಿತು, ಇದೇ. ಮೈಕ್ರೋಸ್ಕೋಪ್ ಮುಂದೆ ಕೂತಿದ್ದು ಎರಡು ಸಲ. ಬಯೋಕೆಮಿಸ್ಟ್ರಿ ಮೆಷಿನ್ ಮೇಲೆ "ಸ್ಟೂಡೆಂಟ್ಸ್ ಮುಟ್ಟಬಾರದು" ಅಂತ ಚೀಟಿಯಂತೆ. ಬೆಳಗ್ಗೆ ಆ ಮೆಷಿನ್‌ಗೆ ಕಂಟ್ರೋಲ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರುವ ಸ್ಯಾಂಪಲ್) ಹಾಕಿ, ಬಂದ ನಂಬರನ್ನು ಚಾರ್ಟಿನಲ್ಲಿ ಗುರುತು ಮಾಡಿ, ಇವತ್ತಿನ ರಿಪೋರ್ಟ್ ನಂಬಬಹುದಾ ಬೇಡವಾ ಅಂತ ತೀರ್ಮಾನ ಮಾಡುತ್ತಾರಲ್ಲ, ಆ ಹತ್ತು ನಿಮಿಷ ಇಡೀ ಲ್ಯಾಬಿನ ಪ್ರಾಣ. ಆ ಹೊತ್ತಿಗೆ ಇಂಟರ್ನ್‌ಗಳೆಲ್ಲ ಕಲೆಕ್ಷನ್ ರೂಮಿನಲ್ಲಿ ಇರುತ್ತಾರೆ.

ಲ್ಯಾಬಿನವರನ್ನು ಸುಮ್ನೆ ದೂರುವುದಿಲ್ಲ. ನಾನೂ ಇದನ್ನೇ ಮಾಡಿದ್ದೇನೆ. ಡೆಂಗಿ ಸೀಸನ್‌ನಲ್ಲಿ ಪ್ಲೇಟ್‌ಲೆಟ್ ನೋಡಿಸೋಕೆ ಕ್ಯೂ ಗೇಟಿನವರೆಗೆ ಇರುತ್ತಿತ್ತು. ಟ್ರೈನಿಂಗ್‌ಗೆ ಬಂದ ಇಬ್ಬರು ಹುಡುಗರನ್ನು ಲೇಬಲ್ ಬರೆಯೋಕೆ ಕೂರಿಸಿದೆ, ಸೀಸನ್ ಮುಗಿಯುವವರೆಗೆ ಎಬ್ಬಿಸಲೇ ಇಲ್ಲ. ಆ ಹುಡುಗರು ಏನು ಕಲಿತರೋ ದೇವರಿಗೇ ಗೊತ್ತು. ಕೆಲಸದ ಒತ್ತಡ ಇರುವ ಕಡೆ ಪುಕ್ಕಟೆ ಕೈ ಸಿಕ್ಕರೆ ಯಾರು ಬಿಡುತ್ತಾರೆ? ಅದಕ್ಕೇ ಇದನ್ನು ಒಬ್ಬೊಬ್ಬ ಟೆಕ್ನಿಷಿಯನ್‌ನ ಒಳ್ಳೆತನಕ್ಕೆ ಬಿಡಬಾರದು ಅನ್ನುತ್ತಿದ್ದೇನೆ.

ಇನ್ನು ಲಾಗ್ ಬುಕ್, ಅಂದರೆ ಇಂಟರ್ನ್ ದಿನದಿನ ಮಾಡಿದ ಕೆಲಸ ಬರೆದಿಡುವ ಪುಸ್ತಕ. ಅವಳದ್ದು ತರಿಸಿ ನೋಡಿದೆ. ಐವತ್ತು ಪೆರಿಫೆರಲ್ ಸ್ಮಿಯರ್ (ಸ್ಲೈಡಿನ ಮೇಲೆ ತೆಳ್ಳಗೆ ಎಳೆದ ರಕ್ತದ ಪದರ) ಮಾಡಿದ್ದಾಳೆ, ಪುಸ್ತಕದಲ್ಲಿ! ನಾಲ್ಕು ತಿಂಗಳ ತಾರೀಖು, ಒಂದೇ ನೀಲಿ ಪೆನ್ನು, ಒಂದೇ ಓಟದ ಕೈಬರಹ. ಕೆಳಗೆ ಸಹಿಯ ಸಾಲೂ ಒಂದೇ ಉಸಿರಿನಲ್ಲಿ ಹಾಕಿದ್ದು, ಕೊನೆಕೊನೆಗೆ ಬರೀ ಗೆರೆ. "ಎಲ್ಲರೂ ಹೀಗೇ ಆಂಟಿ, ಸಬ್ಮಿಟ್ ಮಾಡೋ ಹಿಂದಿನ ರಾತ್ರಿ ಬರೀತೀವಿ" ಅಂದಳು. ಸುಳ್ಳು ಹೇಳುವ ಹುಡುಗಿ ಅಲ್ಲ. ಸುಳ್ಳು ಬರೆಯೋದನ್ನು ನಾವೇ ಕಲಿಸಿಬಿಟ್ಟಿದ್ದೇವೆ.

2021ರಲ್ಲಿ ಕೇಂದ್ರ ಸರ್ಕಾರ ಅಲೈಡ್ ಹೆಲ್ತ್ ಕೇರ್ ವೃತ್ತಿಗಳಿಗೆ ಅಂತಲೇ ಕಾಯ್ದೆ ತಂದಿತು. ಲ್ಯಾಬಿನವರೂ ಅದರಲ್ಲಿ ಬರುತ್ತಾರೆ. ಹೆಲ್ತ್‌ಕೇರ್ ಪ್ರೊಫೆಷನಲ್ ಅನ್ನಿಸಿಕೊಳ್ಳಲು ಕನಿಷ್ಠ 3,600 ಗಂಟೆಯ ಓದು ಬೇಕು ಅನ್ನುತ್ತದೆ ಆ ಕಾಯ್ದೆ. ಒಳ್ಳೆಯದು. ಆದರೆ ಗಂಟೆ ಎಣಿಸುವುದು ಸುಲಭ. ಸ್ಟಿಕ್ಕರ್ ಅಂಟಿಸಿದ ಗಂಟೆಯೂ ಗಂಟೆಯೇ. ನನ್ನ ತಂಗಿಯ ಮಗಳು ಇಂಗ್ಲೆಂಡಿನಲ್ಲಿ ಬಯೋಮೆಡಿಕಲ್ ಸೈನ್ಸ್ ಓದಿದಳು. ಅಲ್ಲಿ ಮಾನ್ಯತೆ ಇರುವ ಲ್ಯಾಬಿನಲ್ಲಿ ಕೆಲಸ ಮಾಡಿ, ಏನೇನು ಕಲಿತೆ ಅನ್ನುವುದಕ್ಕೆ ಪುರಾವೆ ಸಮೇತ ಒಂದು ಪೋರ್ಟ್‌ಫೋಲಿಯೋ ತುಂಬಬೇಕು. ಆ ಲ್ಯಾಬಿಗೆ ಸೇರದ ಒಬ್ಬರು ಹೊರಗಿನಿಂದ ಬಂದು ಅದನ್ನು ಪರಿಶೀಲಿಸುತ್ತಾರೆ. ಅಲ್ಲೂ ಎಲ್ಲವೂ ಸರಿ ಇಲ್ಲ ಬಿಡಿ, ಜಾಗಕ್ಕೆ ಪೈಪೋಟಿ, ಸಿಗದೆ ಒದ್ದಾಡುವವರು ಬೇಕಾದಷ್ಟು. ಆದರೆ ಹೊರಗಿನವರು ಬಂದು ನೋಡುತ್ತಾರೆ ಅನ್ನುವುದು ನನಗೆ ಹಿಡಿಸಿತು.

ನಮ್ಮ ಕಾಲ ಚಿನ್ನದ ಕಾಲ ಅಂತ ನಾನು ಹೇಳುವುದಿಲ್ಲ. ಹಿಮೋಗ್ಲೋಬಿನ್ ನೋಡೋಕೆ ಪಿಪೆಟ್‌ನಲ್ಲಿ ಬಾಯಿಂದಲೇ ರಕ್ತ ಎಳೆಯುತ್ತಿದ್ದೆವು. ಇವತ್ತಿನ ಮಕ್ಕಳಿಗೆ ಹೇಳಿದರೆ ಮುಖ ಕಿವುಚುತ್ತಾರೆ, ಸರಿಯೇ. ಆದರೆ ನನಗೆ ಕಲಿಸಿದ ಸೀನಿಯರ್ ಒಬ್ಬರಿದ್ದರು. ಮಲೇರಿಯಾ ಸ್ಲೈಡ್ ನೋಡಿ "ನೆಗೆಟಿವ್ ಸರ್" ಅಂದರೆ "ಎಷ್ಟು ಫೀಲ್ಡ್ ನೋಡಿದೆ?" ಅನ್ನೋರು. ಫೀಲ್ಡ್ ಅಂದರೆ ಮೈಕ್ರೋಸ್ಕೋಪಿನಲ್ಲಿ ಒಂದು ಸಲಕ್ಕೆ ಕಾಣುವಷ್ಟು ಜಾಗ. ನೂರು ಫೀಲ್ಡ್ ನೋಡದೆ ನೆಗೆಟಿವ್ ಅನ್ನುವ ಹಾಗಿಲ್ಲ. ಒಂದು ದಿನ ನಲವತ್ತಕ್ಕೇ ಎದ್ದೆ. ಅದೇ ಸ್ಲೈಡನ್ನು ಮತ್ತೆ ಕೈಗಿಟ್ಟರು. ಎಪ್ಪತ್ತರ ಆಚೆ ಎಲ್ಲೋ ಒಂದೇ ಒಂದು ಉಂಗುರ, ಉಂಗುರದಂತೆ ಕಾಣುವ ಮಲೇರಿಯಾ ಪರಾವಲಂಬಿ, ಇತ್ತು. ಬೈಯಲಿಲ್ಲ, ಟೀ ಕುಡಿಯೋಕೆ ಕರೆದುಕೊಂಡು ಹೋದರು. ಆಮೇಲೆ ಸರ್ವಿಸ್ ಮುಗಿಯುವವರೆಗೆ ನಾನು ನೂರಕ್ಕೆ ಮುಂಚೆ ಎದ್ದಿಲ್ಲ.

ನಮ್ಮ ಜಿಲ್ಲೆಗೇ ಬೇಕಾದ ಒಂದು ವಿಚಾರ ಹೇಳುತ್ತೇನೆ. ಇಲ್ಲಿ ಆಲೂಗಡ್ಡೆ ಬಿತ್ತನೆ, ಜೋಳದ ಹೊಲ, ಸಕಲೇಶಪುರ ಕಡೆ ಹೋದರೆ ಕಾಫಿ ತೋಟ. ಹಾವು ಕಚ್ಚಿದವರು ಬರುತ್ತಲೇ ಇರುತ್ತಾರೆ. ಮಂಡಲದ ಹಾವು ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ನೋಡೋಕೆ ದೊಡ್ಡ ಮೆಷಿನ್ ಬೇಡ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ ಎರಡು ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಟ್ಟು, ಆಮೇಲೆ ಒಂದು ಸಲ ಓರೆ ಮಾಡಿ ನೋಡಿದರೆ ಸಾಕು. ಆದರೆ ಟ್ಯೂಬ್ ಗಾಜಿನದ್ದೇ ಆಗಬೇಕು. ಪ್ಲಾಸ್ಟಿಕ್‌ನಲ್ಲಿ ಇಟ್ಟರೆ ರಿಸಲ್ಟ್ ನಂಬುವ ಹಾಗಿಲ್ಲ. ಸೋಪಿನ ನೀರಲ್ಲಿ ತೊಳೆದ ಗಾಜೂ ಆಗದು. ನಮ್ಮ ಹುಡುಗಿಯನ್ನು ಕೇಳಿದೆ. ಟೆಸ್ಟಿನ ಹೆಸರು ಗೊತ್ತು, ಗಾಜಿನ ವಿಷಯ ಗೊತ್ತಿಲ್ಲ. ನಾಳೆ ಇವಳು ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿ ಒಬ್ಬಳೇ ಇರುತ್ತಾಳೆ. ಕೈಗೆ ಸಿಗುವುದು ಪ್ಲಾಸ್ಟಿಕ್ ಟ್ಯೂಬೇ.

ಇನ್ನೊಂದು ವಿಷಯ, ಇದಕ್ಕೆ ನನಗೆ ನಿಜಕ್ಕೂ ಸಿಟ್ಟಿದೆ. ಅವಳ ಬ್ಯಾಚಿನ ಹುಡುಗನೊಬ್ಬನಿಗೆ ಬಳಸಿದ ಸೂಜಿ ಚುಚ್ಚಿತು. ಬೆರಳು ಹಿಂಡಿ ರಕ್ತ ತೆಗೆದು, ಬ್ಯಾಂಡ್‌ಏಡ್ ಸುತ್ತಿಕೊಂಡು ಸುಮ್ಮನಾದ. ಹಿಂಡಬಾರದು, ಸೋಪು ನೀರಲ್ಲಿ ತೊಳೆದು ತಕ್ಷಣ ಹೇಳಬೇಕು. ಎಚ್.ಐ.ವಿ. ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗ ಇಲ್ಲ. ಅವನು ಬಾಯಿ ಬಿಟ್ಟಿದ್ದು ನಾಲ್ಕನೇ ದಿನ. ಹೇಳಿದರೆ ಬೈಯುತ್ತಾರೆ ಅಂತ ಹೆದರಿಕೆ. ಹೆಪಟೈಟಿಸ್ ಬಿ ಲಸಿಕೆ ಒಂದೇ ಡೋಸ್ ಆಗಿತ್ತು. ಕಾಲೇಜಿನವರು ಆಸ್ಪತ್ರೆಯವರ ಕಡೆ ಕೈ ತೋರಿಸಿದರು, ಆಸ್ಪತ್ರೆಯವರು ಕಾಲೇಜಿನ ಕಡೆ. ಆ ಲಸಿಕೆ ಮೂರು ಡೋಸ್. ಮೊದಲನೆಯದು ಆದ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಪೋಸ್ಟಿಂಗ್‌ಗೆ ಕಳಿಸುವ ವಾರ ನೆನಪಾದರೆ ಏನು ಬಂತು? ಮೊದಲ ವರ್ಷವೇ ಮುಗಿಸಿ ಕಳಿಸಬೇಕು.

ಸ್ಟೈಪೆಂಡ್ ವಿಚಾರ ಇಲ್ಲಿ ಎತ್ತುವುದಿಲ್ಲ, ಅದಕ್ಕೆ ಬೇರೆ ಪತ್ರವೇ ಬೇಕು.

ಕಾಲೇಜುಗಳಿಗೆ, ವಿಶ್ವವಿದ್ಯಾಲಯಕ್ಕೆ ನಾನು ಕೇಳುವುದು ದೊಡ್ಡದೇನಲ್ಲ. ಕಲೆಕ್ಷನ್‌ಗೆ ಒಂದು ತಿಂಗಳು, ಅಷ್ಟೇ. ಆಮೇಲೆ ಹೆಮಟಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಬ್ಲಡ್ ಬ್ಯಾಂಕ್ ಅಂತ ತಾರೀಖು ಹಾಕಿ ಮೊದಲೇ ಗೋಡೆಗೆ ಅಂಟಿಸಿ. ಲಾಗ್ ಬುಕ್‌ಗೆ ಸಹಿ ಆ ದಿನವೇ ಬೀಳಲಿ. ಕೊನೆಗೆ ಬೇರೆ ಆಸ್ಪತ್ರೆಯ ಒಬ್ಬ ಹಿರಿಯ ಟೆಕ್ನಿಷಿಯನ್ ಬಂದು, ಪುಸ್ತಕ ಪಕ್ಕಕ್ಕಿಟ್ಟು, ಒಂದು ಸ್ಲೈಡ್ ಕೊಟ್ಟು "ನೋಡು" ಅನ್ನಲಿ. ಅರ್ಧ ಗಂಟೆಯಲ್ಲಿ ಎಲ್ಲಾ ಗೊತ್ತಾಗುತ್ತದೆ. ಈ ಊರಲ್ಲಿ ನನ್ನಂಥ ರಿಟೈರ್ ಆದವರು ಬೇಕಾದಷ್ಟು ಜನ ಇದ್ದೇವೆ. ಕರೆದರೆ ಬರುತ್ತೇವೆ, ಆಟೋ ಚಾರ್ಜ್ ಕೊಟ್ಟರೆ ಸಾಕು.

ಅಲ್ಲಿಯವರೆಗೆ ನನ್ನ ಹತ್ತಿರ ಒಂದು ಹಳೇ ಮೈಕ್ರೋಸ್ಕೋಪ್ ಇದೆ. ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಹುಡುಗಿ ಕೆಳಗೆ ಬರುತ್ತಾಳೆ, ಈಗ ಇನ್ನಿಬ್ಬರು ಗೆಳತಿಯರೂ ಜೊತೆಗೆ. ಅವರವರ ಬೆರಳು ಅವರವರೇ ಚುಚ್ಚಿಕೊಂಡು ಸ್ಮಿಯರ್ ಎಳೆಯುತ್ತಾರೆ. ಮೊದಲ ಹತ್ತು ಸ್ಲೈಡ್ ಬೆಣ್ಣೆ ಸವರಿದ ಹಾಗಿತ್ತು, ಈಗ ಸ್ಮಿಯರ್‌ನ ತೆಳ್ಳನೆಯ ತುದಿ, ಬಾಲ ಅನ್ನುತ್ತೇವೆ, ಚೆನ್ನಾಗಿ ಬರುತ್ತಿದೆ. ಹೋದ ವಾರ ಒಂದೇ ಸ್ಲೈಡಿನಲ್ಲಿ ನೂರು ಬಿಳಿ ಕಣ ಎಣಿಸಿ ಅವಳು ಇಯೋಸಿನೋಫಿಲ್ (ಅದರಲ್ಲಿ ಒಂದು ಬಗೆಯ ಬಿಳಿ ಕಣ) 7 ಅಂದಳು, ನಾನು 5 ಅಂದೆ. ಮತ್ತೆ ಕೂತು ಎಣಿಸಿದೆ. ಅವಳದ್ದೇ ಸರಿ ಇತ್ತು.

ಇತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಹಾಸನ