ಭಾನುವಾರದ ಬೈಬಲ್ ಅಧ್ಯಯನ: ಪಾಪ, ಮರಣ, ನ್ಯಾಯತೀರ್ಪು

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ಈ ಭಾನುವಾರ ಸಂಜೆ 6 ಗಂಟೆಗೆ ಆನ್‌ಲೈನ್‌ನಲ್ಲಿ ಸೇರೋಣ. ಲಿಂಕ್ ಶನಿವಾರ ರಾತ್ರಿ ಇಲ್ಲೇ ಹಾಕುತ್ತೇನೆ. ಹೊಸದಾಗಿ ಸೇರಿದವರೂ ಬನ್ನಿ.

ಮೊದಲೇ ರೋಮಾಪುರದವರಿಗೆ 6:23, ಇಬ್ರಿಯರಿಗೆ 9:27 ಓದಿಕೊಳ್ಳಿ. ಮತ್ತಾಯ 25:31–46 ಮಾತ್ರ ನಿಧಾನವಾಗಿ ಓದಿ. ಅಲ್ಲಿ ತೀರ್ಪಿನ ದಿನ ಲೆಕ್ಕಕ್ಕೆ ಬರುವುದು ಹಸಿದವರಿಗೆ ಊಟ ಕೊಟ್ಟಿದ್ದು, ಸೆರೆಯಲ್ಲಿದ್ದವರನ್ನು ನೋಡಲು ಹೋಗಿದ್ದು. ನಂಬಿಕೆಯೊಂದರಿಂದಲೇ ರಕ್ಷಣೆ ಅನ್ನುವವರಿಗೆ ಇದು ಸುಲಭದ ಭಾಗವಲ್ಲ, ಅಲ್ವಾ? ಜಾಸ್ತಿ ಹೊತ್ತು ಇದಕ್ಕೇ ಇಡೋಣ.

ನಮ್ಮಲ್ಲಿ ಬೇರೆ ಬೇರೆ ಸಭೆಯವರಿದ್ದೀರಿ. ಕ್ಯಾಥೋಲಿಕರು ಶುದ್ಧೀಕರಣ ಸ್ಥಳ (ಸತ್ತ ಮೇಲೆ ಪರಲೋಕಕ್ಕೆ ಹೋಗುವ ಮೊದಲು ಆತ್ಮ ಶುದ್ಧವಾಗುವ ಹಂತ) ಇದೆ ಎಂದು ನಂಬುತ್ತಾರೆ, ಪ್ರಾಟೆಸ್ಟೆಂಟರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಸತ್ತವರು ಪುನರುತ್ಥಾನದವರೆಗೂ ನಿದ್ರೆಯಲ್ಲಿರುತ್ತಾರೆ ಅನ್ನುವುದು ಅಡ್ವೆಂಟಿಸ್ಟ್ ಸಭೆಯವರ ಮಾತು. ಸುಮ್ನೆ ವಾದ ಬೇಡ, ವಚನ ತೋರಿಸಿ ಮಾತಾಡಿ.

ಇನ್ನೊಂದು ವಿಷಯ. ಮನೆಯವರನ್ನು ಈಚೆಗೆ ಕಳೆದುಕೊಂಡವರು ಗುಂಪಿನಲ್ಲಿದ್ದಾರೆ. ತೀರಿಹೋದ ಯಾರನ್ನೇ ಆಗಲಿ ಹೆಸರು ಹಿಡಿದು ಪರಲೋಕಕ್ಕೋ ನರಕಕ್ಕೋ ಕಳಿಸಬೇಡಿ. ಆ ತೀರ್ಪು ನಮ್ಮ ಕೈಯಲ್ಲಿಲ್ಲ.

ಪ್ರಶ್ನೆಗಳಿದ್ದರೆ ಶುಕ್ರವಾರದೊಳಗೆ ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಬರುವವರು ಇಲ್ಲೇ ‘ಬರುತ್ತೇನೆ’ ಅಂತ ಹಾಕಿ.