ರಜೆಗೆ ಮುನ್ನ ಮನೆಯಲ್ಲೊಂದು ಏರುಮಡಿ: ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಈ ಶನಿವಾರ 4ರಿಂದ 7ನೇ ತರಗತಿಯ ಪ್ರತಿ ಮಗುವಿನ ಕೈಯಲ್ಲಿ ಮೂರು ಪೊಟ್ಟಣ ಬೀಜ ಕಳಿಸುತ್ತೇವೆ: ಬೆಂಡೆ, ದಂಟು, ಮೆಂತ್ಯ. ಶಾಲೆಯ ಕೈತೋಟದಲ್ಲಿ ಟೊಮ್ಯಾಟೊ ಸಸಿ ಬೆಳೆಯುತ್ತಿವೆ. ಮಾರ್ಚ್ ಮೊದಲ ವಾರ ಅವನ್ನೂ ತಲಾ ಮೂರರಂತೆ ಕೊಡುತ್ತೇವೆ. ಅಷ್ಟರೊಳಗೆ ಮನೆಯಲ್ಲಿ ಏರುಮಡಿ, ಅಂದರೆ ನೆಲದಿಂದ ಎತ್ತರಿಸಿದ ಪಾತಿ, ಸಿದ್ಧವಿರಲಿ. ಬೀಜ ಮೊಳೆಯದಿದ್ದರೆ ಮತ್ತೆ ಬಿತ್ತಬಹುದು. ಮಡಿಯ ಮಣ್ಣೇ ಸರಿಯಿಲ್ಲದಿದ್ದರೆ ಇಡೀ ಬೇಸಿಗೆ ವ್ಯರ್ಥ. ಹಾಗಾಗಿ ಈ ಪತ್ರದಲ್ಲಿ ಗಿಡಕ್ಕಿಂತ ಮಣ್ಣಿನ ಮಾತೇ ಹೆಚ್ಚು.

ಮನೆ ಕಟ್ಟಿದ ಜಾಗದ ಮಣ್ಣಿನಲ್ಲಿ ಸಿಮೆಂಟು, ಜಲ್ಲಿ ಸೇರಿ ಗಟ್ಟಿಯಾಗಿರುತ್ತದೆ. ಅದರೊಡನೆ ಗುದ್ದಾಡುವ ಬದಲು ಮೇಲೆ ಏರುಮಡಿ ಕಟ್ಟುವುದು ಸುಲಭ. ಅಗಲ 3 ಅಡಿ, ಉದ್ದ 6 ಅಡಿ ಇರಲಿ. ಇದಕ್ಕಿಂತ ಅಗಲವಾದರೆ ಮಕ್ಕಳ ಕೈ ನಡುವಿನವರೆಗೆ ಎಟುಕುವುದಿಲ್ಲ, ಮಡಿಯೊಳಗೆ ಕಾಲಿಡುತ್ತಾರೆ, ತುಳಿದ ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲ. ಗೋಡೆಗೆ ಒತ್ತಿ ಕಟ್ಟುವುದಾದರೆ ಅಗಲ ಒಂದೂವರೆ ಅಡಿ ಸಾಕು.

16 ಅಂಗುಲ ಉದ್ದ, 8 ಅಂಗುಲ ಎತ್ತರದ ಸಿಮೆಂಟ್ ಬ್ಲಾಕ್ 15 ಇದ್ದರೆ ಸುತ್ತು ಮುಗಿಯುತ್ತದೆ. ಹಳೆ ಇಟ್ಟಿಗೆ, ಸೈಜುಗಲ್ಲು ಇದ್ದವರು ಹೊಸದಕ್ಕೆ ಹಣ ಹಾಕಬೇಡಿ. ಗಾರೆ ಮೆತ್ತದೆ ಹಾಗೆಯೇ ಜೋಡಿಸಿ, ಹೆಚ್ಚಾದ ನೀರು ಸಂದಿಯಿಂದ ಹೊರಹೋಗಲಿ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಬೇಡ. ಅದು ನೀರು ನಿಲ್ಲಿಸಿ ಬೇರು ಕೊಳೆಸುತ್ತದೆ. ತುಂಬುವ ಮೊದಲು ಕೆಳಗಿನ ನೆಲವನ್ನು ಅರ್ಧ ಅಡಿ ಆಳಕ್ಕೆ ಹಾರೆಯಿಂದ ಸಡಿಲಿಸಿ.

ಈ ಮಡಿ ಹಿಡಿಯುವುದು 12 ಘನ ಅಡಿ, ಅಂದರೆ ಸುಮಾರು 340 ಲೀಟರ್. ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ. ಪೇಂಟಿನ ಖಾಲಿ 20 ಲೀಟರ್ ಬಕೆಟ್ಟಿನಲ್ಲಿ ಅಳೆದರೆ, ಮಣ್ಣು ಕುಸಿಯುವುದನ್ನೂ ಸೇರಿಸಿ, 18 ಬಕೆಟ್ ಬೇಕು: ಕೆಂಪು ಮಣ್ಣು 9, ಕೊಟ್ಟಿಗೆ ಗೊಬ್ಬರ ನಾಲ್ಕೂವರೆ, ಮರಳು ಅಥವಾ ತೆಂಗಿನ ನಾರಿನ ಪುಡಿ ನಾಲ್ಕೂವರೆ. ಜೊತೆಗೆ ಅರ್ಧ ಕೆಜಿ ಬೇವಿನ ಹಿಂಡಿ. ಎಲ್ಲವನ್ನೂ ಹೊರಗೇ ರಾಶಿ ಹಾಕಿ ಮೂರು ಸಲ ಮಗುಚಿದ ಮೇಲೆ ತುಂಬಿ. ಪದರ ಪದರವಾಗಿ ಸುರಿದರೆ ಬೆರೆಯುವುದಿಲ್ಲ. ಮರಳಿನ ಬದಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕಬೇಡಿ. ಅದರಲ್ಲಿರುವ ನುಣ್ಣನೆ ಕಲ್ಲುಪುಡಿ ನೀರು ಬಿದ್ದಾಗ ಗಟ್ಟಿಯಾಗಿ ಕೂರುತ್ತದೆ. ನಾರಿನ ಪುಡಿಯನ್ನು ನೆನೆಸಿ, ಎರಡು ಸಲ ಹಿಂಡಿ, ಉಪ್ಪಿನಂಶ ತೆಗೆದೇ ಬಳಸಿ.

ಹೆಚ್ಚಿನ ಮಡಿಗಳು ಕೆಡುವುದು ಹಸಿ ಗೊಬ್ಬರದಿಂದ. ಸಗಣಿ ಪೂರ್ತಿ ಕೊಳೆತಿರದಿದ್ದರೆ ಮಡಿಯೊಳಗೇ ಬಿಸಿಯೆದ್ದು ಎಳೆ ಬೇರು ಸುಡುತ್ತದೆ. ಬೇರು ತಿನ್ನುವ ಗೊಣ್ಣೆಹುಳುವೂ ಅದರೊಡನೆಯೇ ಬರುತ್ತದೆ. ಕನಿಷ್ಠ ಆರು ತಿಂಗಳು ಕಳಿತ ಗೊಬ್ಬರ ಕಪ್ಪಗಿರುತ್ತದೆ, ಕೈಯಲ್ಲಿ ಉದುರುತ್ತದೆ, ಸಗಣಿಯ ವಾಸನೆ ಇರುವುದಿಲ್ಲ. ಕೊಳ್ಳುವಾಗ ಒಂದು ಹಿಡಿ ತೆಗೆದು ಮೂಸಿ ನೋಡಿ. ಬೆಳ್ಳಗೆ ಸುರುಳಿ ಸುತ್ತಿಕೊಂಡ ದಪ್ಪ ಹುಳು ಕಂಡರೆ ಆ ಗೊಬ್ಬರ ಬೇಡ.

ತಾರಸಿ ಮನೆಯವರಿಗೆ ಕಳಕಳಿಯ ವಿನಂತಿ. ಇಷ್ಟು ಮಣ್ಣು ನೆನೆದಾಗ ಅರ್ಧ ಟನ್ನಿನ ಹತ್ತಿರ ತೂಗುತ್ತದೆ. ತಾರಸಿಯ ಮೇಲೆ ಈ ಮಡಿ ಕಟ್ಟಲೇಬೇಡಿ. ಅದೇ ಮಿಶ್ರಣವನ್ನು ಚೀಲಗಳಲ್ಲಿ ತುಂಬಿ, ಕೆಳಗಿನ ಗೋಡೆಯ ಮೇಲೆ ಭಾರ ಬೀಳುವಂತೆ ಅಂಚಿನುದ್ದಕ್ಕೆ ದೂರ ದೂರ ಇಡಿ.

ಮಡಿಯ ದಿಕ್ಕಿನ ಬಗ್ಗೆ ಗಮನವಿರಲಿ. ಎತ್ತರದ ಗಿಡ ಉತ್ತರಕ್ಕಿರಲಿ ಎಂಬ ಸಲಹೆ ಚಳಿದೇಶಗಳದು. ನಮ್ಮಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಬೆಂಗಳೂರಿನ ಸುತ್ತ ಏಪ್ರಿಲ್ 24ರ ಆಸುಪಾಸು ನೆಟ್ಟ ಕೋಲಿಗೆ ಮಧ್ಯಾಹ್ನ ನೆರಳೇ ಬೀಳುವುದಿಲ್ಲ. ಇಲ್ಲಿ ಗಿಡಕ್ಕೆ ಕಾಟ ಕೊಡುವುದು ಪಡುವಣದ ಸಂಜೆಬಿಸಿಲು. ಆದ್ದರಿಂದ ಮಡಿಯ ಉದ್ದ ಉತ್ತರ-ದಕ್ಷಿಣವಾಗಿರಲಿ. ಪಶ್ಚಿಮದ ಅಂಚಿಗೆ ಅಡಿಗೊಂದರಂತೆ ಆರು ಬೆಂಡೆ, ನಡುವೆ ಎರಡಡಿಗೊಂದರಂತೆ ಮೂರು ಟೊಮ್ಯಾಟೊ, ಪೂರ್ವದ ಅಂಚಿಗೆ ಸೊಪ್ಪು. ಬೆಂಡೆಯ ನೆರಳಿನಲ್ಲಿ ಸೊಪ್ಪು ಬಾಡದೆ ಉಳಿಯುತ್ತದೆ.

ಬೆಂಡೆ ಬೀಜವನ್ನು ರಾತ್ರಿ ನೆನೆಸಿ, ಗುಣಿಗೆ ಎರಡರಂತೆ ಅರ್ಧ ಅಂಗುಲ ಆಳಕ್ಕೆ ಊರಿ. ಒಂದು ವಾರದಲ್ಲಿ ಮೊಳೆಯುತ್ತದೆ. ಗಟ್ಟಿ ಸಸಿಯೊಂದನ್ನು ಉಳಿಸಿ ಇನ್ನೊಂದನ್ನು ಬುಡದಲ್ಲಿ ಕತ್ತರಿಸಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗುತ್ತದೆ. ಸುಮಾರು 45ರಿಂದ 50 ದಿನಕ್ಕೆ ಕಾಯಿ. ಆಮೇಲೆ ದಿನ ಬಿಟ್ಟು ದಿನ ಕೀಳದಿದ್ದರೆ ನಾರಾಗುತ್ತದೆ. ದಂಟಿನ ಬೀಜ ತೀರ ಸಣ್ಣದು. ಒಂದು ಚಮಚಕ್ಕೆ ಎರಡು ಹಿಡಿ ಒಣ ಮರಳು ಬೆರೆಸಿ ಸಾಲಾಗಿ ಉದುರಿಸಿ, ಮೇಲೆ ಗೊಬ್ಬರದ ತೆಳುಪುಡಿ ಮುಚ್ಚಿದರೆ ಸಾಕು. ಆಳಕ್ಕೆ ಹೂತರೆ ಮೇಲೇಳುವುದೇ ಇಲ್ಲ. ಇರುವೆ ಬೀಜ ಹೊರುತ್ತದೆ, ಅದಕ್ಕೆ ಮಡಿಯ ಹೊರಗೆ ಒಂದು ಹಿಡಿ ಅಕ್ಕಿನುಚ್ಚು ಚೆಲ್ಲಿ. ಅದು ನುಚ್ಚು ಸಾಗಿಸುವಷ್ಟರಲ್ಲಿ ದಂಟು ಮೊಳೆತಿರುತ್ತದೆ. ತಿಂಗಳೊಳಗೆ ಸಾರಿಗೆ, ಪಲ್ಯಕ್ಕೆ ಸಿಗುತ್ತದೆ. ಬೇರುಸಹಿತ ಕೀಳದೆ ಎರಡಂಗುಲ ಬಿಟ್ಟು ಕೊಯ್ದರೆ ಮತ್ತೆ ಚಿಗುರುತ್ತದೆ. ಮೆಂತ್ಯ ಸುಲಭ, ಅದಕ್ಕೆ ಹೇಳುವುದೇನಿಲ್ಲ.

ಏರುಮಡಿ ನೆಲಕ್ಕಿಂತ ಬೇಗ ಒಣಗುತ್ತದೆ. ಏಪ್ರಿಲ್‌ನಲ್ಲಿ ದಿನಕ್ಕೆ ಸುಮಾರು 10 ಲೀಟರ್ ಬೇಕು, ಬೆಳಿಗ್ಗೆಯೇ ಹಾಕಿ. ಮೊದಲು ಮಕ್ಕಳು ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಲಿ. ತೇವವಿದ್ದರೆ ಅಂದು ನೀರು ಬೇಡ, ಏಕೆಂದರೆ ಸದಾ ಒದ್ದೆಯಿದ್ದರೆ ಎಳೆ ಸಸಿಯ ಬುಡ ಕೊಳೆಯುತ್ತದೆ. ಅಕ್ಕಿ, ಬೇಳೆ ತೊಳೆದ ನೀರು ಆಗುತ್ತದೆ, ಪಾತ್ರೆ ತೊಳೆದ ಸೋಪಿನ ನೀರು ಬೇಡ. ಸಸಿ ಒಂದು ಗೇಣು ಬಂದ ಮೇಲೆ ಒಣಎಲೆ ಅಥವಾ ರಾಗಿ ಹುಲ್ಲನ್ನು ಎರಡಂಗುಲ ದಪ್ಪಕ್ಕೆ ಹೊದಿಸಿ. ರಜೆಯಲ್ಲಿ ಅಜ್ಜಿಯ ಊರಿಗೆ ಹೋಗುವವರು ಮಡಿಯ ನಡುವೆ ಎರಡು ಮಣ್ಣಿನ ಮಡಕೆಗಳನ್ನು ಕತ್ತಿನವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿಡಿ. ಎರಡು ಮೂರು ದಿನ ನೀರು ಜಿನುಗುತ್ತದೆ. ಅದಕ್ಕಿಂತ ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಹೇಳಿ ಹೋಗಿ.

ಬೆಂಡೆ ಎಲೆಯ ನರ ಹಳದಿಯಾದರೆ, ಟೊಮ್ಯಾಟೊ ಎಲೆ ಮುದುಡಿದರೆ ಅದು ಬಿಳಿ ನೊಣ ಹರಡುವ ನಂಜು (ವೈರಸ್) ರೋಗ. ಅದಕ್ಕೆ ಮದ್ದಿಲ್ಲ. ಮಕ್ಕಳಿಗೆ ಬೇಸರವಾದರೂ ಆ ಗಿಡವನ್ನು ಅಂದೇ ಕಿತ್ತುಬಿಡಿ, ಉಳಿದವು ಬದುಕುತ್ತವೆ. ನೊಣ ಕಡಿಮೆಯಾಗಲು ಹಳದಿ ಪ್ಲಾಸ್ಟಿಕ್ ತುಂಡಿಗೆ ಹರಳೆಣ್ಣೆ ಸವರಿ ಗಿಡದ ಎತ್ತರಕ್ಕೆ ಕಟ್ಟಿ. ವಾರಕ್ಕೊಮ್ಮೆ ಸಂಜೆ, ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ ಮತ್ತು ಕೆಲವು ಹನಿ ಸೋಪಿನ ದ್ರವ ಬೆರೆಸಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಅಂಗಡಿಯ ಕೀಟನಾಶಕವನ್ನು ಮಕ್ಕಳಿರುವ ಮನೆಗೆ ದಯವಿಟ್ಟು ತರಬೇಡಿ. ಬಿಸಿಲು 35 ಡಿಗ್ರಿ ದಾಟಿದಾಗ ಟೊಮ್ಯಾಟೊ ಹೂ ಉದುರುವುದು ಸಹಜ. ಅದಕ್ಕೆಂದು ನೀರು, ಗೊಬ್ಬರ ಹೆಚ್ಚಿಸಬೇಡಿ.

ನಾವು ಕೊಡುವ ಬೆಂಡೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕ ಅನಾಮಿಕ ತಳಿ. ಇದು ಹೈಬ್ರಿಡ್ ಅಲ್ಲ, ಬೀಜ ಹಿಡಿಯಬಹುದು. ಅತಿ ಚೆನ್ನಾಗಿರುವ ಗಿಡದಲ್ಲಿ ಎರಡು ಕಾಯಿ ಕೀಳದೆ ಬಿಟ್ಟು ದಾರ ಕಟ್ಟಿ ಗುರುತಿಡಿ. ಕಾಯಿ ಒಣಗಿ ಬಿರಿಯತೊಡಗಿದಾಗ ಬಿಡಿಸಿ, ನೆರಳಲ್ಲಿ ಒಣಗಿಸಿ, ಶಾಲೆ ಮತ್ತೆ ತೆರೆದಾಗ ಮಗುವಿನ ಹೆಸರು ಬರೆದ ಪೊಟ್ಟಣದಲ್ಲಿ ಕಳಿಸಿಕೊಡಿ. ಮುಂಗಾರಿಗೆ ಶಾಲೆಯ ಮಡಿಗಳಲ್ಲಿ ಅವನ್ನೇ ಬಿತ್ತುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ