ಅಟ್ಟದ ಮೇಲಿನ ಟೇಪುಗಳು

ಬದಿಯಡ್ಕ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಕೆಲಸ ಬಿಟ್ಟು ಸ್ವಂತವಾಗಿ ಟಿವಿ ಕಾರ್ಯಕ್ರಮ ಮಾಡುತ್ತೇನೆ ಅಂತ ಬರೆದಿದ್ದೀಯ. ನಿನ್ನ ಅಪ್ಪ ಹೆದರಿದ್ದಾನೆ. ನನಗೆ ಸಂತೋಷವೇ. ಮದುವೆ, ಗೃಹಪ್ರವೇಶದ ವಿಡಿಯೊ ಕೆಲಸ ಮಾತ್ರ ಬಿಡಬೇಡ, ಮನೆಖರ್ಚು ಅದರಲ್ಲೇ ನಡೆಯಬೇಕು.

ನಾನು ಹೇಳಬೇಕಾದದ್ದು ಬೇರೆ. ಏನೇ ತೆಗೆದರೂ ಮೂಲಪ್ರತಿ ನಿನ್ನ ಹತ್ತಿರವೇ ಇರಲಿ. ಒಮ್ಮೆ ಒಂದು ವಾಹಿನಿಗೆ, ವೇಷವಿಲ್ಲದೆ ಕೂತು ನಡೆಸುವ ಯಕ್ಷಗಾನ ತಾಳಮದ್ದಳೆ ರೆಕಾರ್ಡ್ ಮಾಡಿಕೊಟ್ಟೆ. ಇನ್ನೊಂದು ಟೇಪಿಗೆ ಕೈಲಿ ದುಡ್ಡಿರಲಿಲ್ಲ, ಪ್ರತಿ ಇಟ್ಟುಕೊಳ್ಳಲಿಲ್ಲ. ಎರಡು ವರ್ಷ ಬಿಟ್ಟು ಕೇಳಿದರೆ ಅದರ ಮೇಲೆ ಬೇರೇನೋ ರೆಕಾರ್ಡ್ ಆಗಿತ್ತು. ಅವತ್ತು ಅರ್ಥ ಹೇಳಿದ ಕಲಾವಿದರಲ್ಲಿ ಇಬ್ಬರು ಈಗ ಇಲ್ಲ. ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ.

ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ಮಾಡಿಸಿದವರೇ ಚಿತ್ರದ ಮಾಲೀಕರು ಅನ್ನುತ್ತದೆ ನಮ್ಮ ಕಾನೂನು. ಹಾಗಾಗಿ ಎಷ್ಟು ಸಲ ಪ್ರಸಾರ, ಎಡಿಟ್ ಮಾಡಿ ಉಳಿದದ್ದು ಯಾರಿಗೆ, ಎಲ್ಲ ಮೊದಲೇ ಬರೆಸಿಕೋ. ಕಲಾವಿದರಿಗೂ 50 ವರ್ಷದ ಹಕ್ಕಿದೆ. ಹಾಡುವ ಭಾಗವತರಿಂದ ಹಿಡಿದು ಎಲ್ಲರ ಒಪ್ಪಿಗೆ ಕಾಗದದಲ್ಲಿ ತಗೋ, ಸಂಭಾವನೆ ಕೊಡು.

ಇನ್ನು ಹಳೆಯ ಟೇಪುಗಳು. ನಮ್ಮ ಮಳೆಗಾಲದ ತೇವಕ್ಕೆ ಅವು ಬೂಷ್ಟು ಹಿಡಿಯುತ್ತವೆ. ಅಂಥದ್ದನ್ನು ಹಾಗೇ ಪ್ಲೇಯರಿಗೆ ಹಾಕಬೇಡ, ಹೆಡ್ಡು ಕೊಳೆಯಾಗಿ ಮುಂದಿನ ಟೇಪೂ ಹಾಳಾಗುತ್ತದೆ. ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿಯೂ 2016ರಲ್ಲಿ ನಿಲ್ಲಿಸಿತು, ಅದಕ್ಕೆ ಓಡುವ ಪ್ಲೇಯರ್ ಎಲ್ಲಿ ಸಿಕ್ಕರೂ ತೆಗೆದಿಡು. ಮಿನಿಡಿವಿ ಅನ್ನುವ ಚಿಕ್ಕ ಡಿಜಿಟಲ್ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಗೆ ಸುಮಾರು 13 ಜಿಬಿ ಬೇಕು. ಮೂರು ಪ್ರತಿ ಮಾಡು, ಒಂದು ಬೇರೆ ಊರಲ್ಲಿರಲಿ.

ಇದೆಲ್ಲಕ್ಕಿಂತ ಜಾಸ್ತಿ ಮುಖ್ಯ, ಹೆಸರು. ನನ್ನ ಎಷ್ಟೋ ಯಕ್ಷಗಾನದ ಟೇಪುಗಳ ಮೇಲೆ ಬರೀ ‘ಆಟ’ ಅಂತ ಬರೆದಿದೆ. ಯಾವ ಪ್ರಸಂಗ, ಯಾವ ಊರು, ಚೆಂಡೆಗೆ ಯಾರು, ಸ್ತ್ರೀವೇಷ ಯಾರದ್ದು, ಒಂದೂ ಇಲ್ಲ. ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು, ಕವಿ ಕಯ್ಯಾರ ಕಿಞ್ಞಣ್ಣ ರೈಗಳು ನೂರು ತುಂಬಿಸಿ 2015ರಲ್ಲಿ. 1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ಕಾಸರಗೋಡಿನ ಕನ್ನಡದ ದನಿಯನ್ನು ತಿರುವನಂತಪುರವಾಗಲಿ ಬೆಂಗಳೂರಾಗಲಿ ಬಂದು ಕಾಪಿಡುತ್ತದೆ ಅಂತ ಕಾಯಬಾರದು, ಅಲ್ವಾ?

ಮಳೆ ಹಿಡಿಯುವ ಮೊದಲು ಬಾ. ಅಟ್ಟದಿಂದ ಟೇಪು ಇಳಿಸೋಣ. ನನ್ನ ಕಣ್ಣು ಮಂಜಾಗಿದೆ, ಆದರೆ ದನಿ ಕೇಳಿದರೆ ಯಾರು ಅಂತ ಹೇಳಬಲ್ಲೆ. ನೀನು ಬರೆದುಕೋ.

ನಿನ್ನ
ದೊಡ್ಡಪ್ಪ